ಬೋರ್ ಮಾಡಿಸುವ ಮೊದಲು ಅಳೆಯಿರಿ

ಹಳೆಯ ಕಾರು ನೀಲಿ ಹೊಗೆ ಬಿಡತೊಡಗಿದರೆ ಎಲ್ಲರೂ ಹೇಳುವುದು ಒಂದೇ: ಇಂಜಿನ್‌ಗೆ ವಯಸ್ಸಾಯಿತು, ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿ. ಈ ಮಾತಿನ ಮೊದಲರ್ಧ ತಪ್ಪು, ಅದರಿಂದಾಗಿ ಎರಡನೆಯ ಅರ್ಧವೂ ಹಲವು ಸಲ ವ್ಯರ್ಥವಾಗುತ್ತದೆ. ಎರಕದ ಕಬ್ಬಿಣ ಸುಮ್ಮನೆ ಮುದಿಯಾಗುವುದಿಲ್ಲ. ಅದು ಸವೆಯುತ್ತದೆ, ಸವೆತಕ್ಕೆ ಕಾರಣ ಇದ್ದೇ ಇರುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಓಡಿದ ಪದ್ಮಿನಿ ಅಥವಾ ಅಂಬಾಸಿಡರ್ ಆದರೆ ಎರಡು ಕಾರಣಗಳನ್ನು ಮೊದಲು ಶಂಕಿಸಬೇಕು. ಒಂದು ಈ ನೆಲದ ಕಲ್ಲುದೂಳು, ಇನ್ನೊಂದು ಕೊಳವೆಬಾವಿಯ ಗಡಸು ನೀರು. ಇವನ್ನು ಹಾಗೇ ಬಿಟ್ಟು ಇಂಜಿನನ್ನು ಮಾತ್ರ ಹೊಸದು ಮಾಡಿದರೆ ಹೊಸ ಪಿಸ್ಟನ್ ರಿಂಗುಗಳೂ ಅದೇ ದಾರಿ ಹಿಡಿಯುತ್ತವೆ.

ಪ್ರೀಮಿಯರ್ ಪದ್ಮಿನಿಯ ಇಂಜಿನನ್ನೇ ನೋಡೋಣ. ನಾಲ್ಕು ಸಿಲಿಂಡರ್, ಒಂದೊಂದರ ವ್ಯಾಸ 68 ಮಿ.ಮೀ., ಪಿಸ್ಟನ್ ಓಡುವ ದೂರ 75 ಮಿ.ಮೀ., ಒಟ್ಟು 1089 ಸಿಸಿ. ತುಂಬಾ ಓಡಿದ ಇಂಜಿನ್‌ನ ಹೆಡ್ ಬಿಚ್ಚಿ ಸಿಲಿಂಡರಿನ ಮೇಲಂಚಿನ ಒಳಗೆ ಉಗುರು ಆಡಿಸಿದರೆ ಒಂದು ಏಣು ತಡೆಯುತ್ತದೆ. ಮೇಲಿನ ರಿಂಗ್ ಮುಟ್ಟದ ಪಟ್ಟಿ ಹಳೆಯ ಅಳತೆಯಲ್ಲೇ ಉಳಿದಿದೆ, ಅದರ ಕೆಳಗೆ ಸವೆದಿದೆ. ಸವೆತ ಅಲ್ಲೇ ಅತಿ ಹೆಚ್ಚು, ಕೆಳಗೆ ಹೋದಂತೆ ಕಡಿಮೆ. ಹೀಗಾಗಿ ದುಂಡಗೆ, ನೇರವಾಗಿದ್ದ ಸಿಲಿಂಡರ್ ಮೇಲೆ ಅಗಲ, ಕೆಳಗೆ ಕಿರಿದಾಗಿರುತ್ತದೆ. ಇದಕ್ಕೆ ವಿವರಣೆ ಆಯಿಲ್ ಪದರದಲ್ಲಿದೆ. ಚಲಿಸುವ ಮೇಲ್ಮೈ ಆಯಿಲನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದುಕೊಂಡಾಗ ಅಲ್ಲಿ ಒತ್ತಡ ಹುಟ್ಟಿ ಭಾರವನ್ನು ತಡೆದುಕೊಳ್ಳುತ್ತದೆ ಎಂಬುದನ್ನು ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತದ ಮೂಲಕ ತೋರಿಸಿಕೊಟ್ಟರು. ಚಲನೆ ಇರುವಷ್ಟು ಹೊತ್ತು ಲೋಹಕ್ಕೆ ಲೋಹ ತಾಗದು. ಆದರೆ ಮೇಲ್ತುದಿಯಲ್ಲಿ ದಿಕ್ಕು ಬದಲಿಸುವಾಗ ಪಿಸ್ಟನ್‌ನ ವೇಗ ಸೊನ್ನೆ. ಉರಿಯುವ ಅನಿಲದ ಒತ್ತಡ, ಶಾಖ ಎರಡೂ ಅತಿ ಹೆಚ್ಚಾಗಿರುವುದೂ ಅದೇ ಜಾಗದ ಹತ್ತಿರ. ಪದರ ಒಡೆಯುತ್ತದೆ, ರಿಂಗ್ ಗೋಡೆಯನ್ನು ಉಜ್ಜುತ್ತದೆ.

ಇಷ್ಟು ಸವೆತ ಯಾವ ಊರಿನ ಇಂಜಿನ್‌ಗೂ ತಪ್ಪಿದ್ದಲ್ಲ. ದೂಳು ಸೇರಿದಾಗ ಲೆಕ್ಕ ಬದಲಾಗುತ್ತದೆ. ಈ ಜಿಲ್ಲೆ ನಿಂತಿರುವುದು ಗ್ರಾನೈಟ್ ಜಾತಿಯ ಬಂಡೆಯ ಮೇಲೆ. ಕ್ವಾರಿ, ಕ್ರಷರ್‌ಗಳ ಹತ್ತಿರದ ರಸ್ತೆಯಲ್ಲಿ ಏಳುವ ದೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಮೋಸ್ ಮಾನದಲ್ಲಿ ಬೆಣಚಿನ ಗಡಸುತನ 7, ಎರಕದ ಕಬ್ಬಿಣ ಅದಕ್ಕಿಂತ ಮೆತ್ತಗೆ. ಆಯಿಲ್ ಪದರದ ದಪ್ಪ ಇರುವುದೇ ಕೆಲವು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಕೆಲವು ಭಾಗ. ಅದಕ್ಕಿಂತ ತುಸು ದಪ್ಪಗಿನ ಕಣ ಒಳಬಂದರೆ ಪದರವನ್ನು ಸೀಳಿ ಎರಡೂ ಕಡೆ ಗೀರುತ್ತದೆ. ಬಿಚ್ಚಿದ ಭಾಗಗಳೇ ದೂಳು ಬಂದ ದಾರಿಯನ್ನು ಹೇಳುತ್ತವೆ. ಏರ್ ಫಿಲ್ಟರ್ ಕಡೆಯಿಂದ ಗಾಳಿಯ ಜೊತೆ ಬಂದಿದ್ದರೆ ಮೊದಲ ರಿಂಗ್ ಉಳಿದವುಗಳಿಗಿಂತ ಹೆಚ್ಚು ಸವೆದು, ಅದರ ಮುಖದ ಮೇಲೆ ಉದ್ದುದ್ದ ಮಂಕು ಗೀರುಗಳಿರುತ್ತವೆ. ಆಯಿಲ್‌ನಲ್ಲೇ ಕೊಳೆ ಇದ್ದರೆ ಕ್ರ್ಯಾಂಕ್ ಬೇರಿಂಗ್‌ಗಳೂ ಆಯಿಲ್ ರಿಂಗೂ ಹೆಚ್ಚು ಹಾಳಾಗಿರುತ್ತವೆ. ಆದ್ದರಿಂದ ಹಳೆಯ ರಿಂಗ್, ಬೇರಿಂಗ್‌ಗಳನ್ನು ಗುಜರಿಗೆ ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಬೇಕು.

ನೀರಿನ ಹಾನಿ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ರೇಡಿಯೇಟರಿಗೂ ಸುರಿಯುವುದು ಕೊಳವೆಬಾವಿಯ ನೀರನ್ನೇ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಗೆ ಒಡೆದು ಸುಣ್ಣದ ಹೆಪ್ಪಾಗಿ ಅಂಟುತ್ತದೆ, ಮನೆಯ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಆಗುವಂತೆಯೇ. ಅತಿ ಬಿಸಿಯ ಗೋಡೆಯ ಮೇಲೆ, ಅಂದರೆ ಶಾಖ ಬೇಗ ಹೊರಹೋಗಬೇಕಾದ ಕಡೆಯೇ ಹೆಚ್ಚು ಕಟ್ಟುತ್ತದೆ. ಈ ಹೆಪ್ಪಿಗಿಂತ ಎರಕದ ಕಬ್ಬಿಣ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ದಾಟಿಸುತ್ತದೆ. ಒಂದು ಮಿಲಿಮೀಟರ್ ಹೆಪ್ಪು ಕಟ್ಟಿದರೆ ಸಿಲಿಂಡರ್ ಗೋಡೆಗೆ ಎರಡು ಸೆಂಟಿಮೀಟರಿಗೂ ಹೆಚ್ಚು ಕಬ್ಬಿಣ ಸೇರಿಸಿದಷ್ಟು ಅಡ್ಡಿ. ಇಂಜಿನ್ ಕಾಯುತ್ತದೆ, ಆಯಿಲ್ ನೀರಾಗುತ್ತದೆ, ಪದರ ಇನ್ನೂ ಬೇಗ ಒಡೆಯುತ್ತದೆ. ಆಗ ಹಲವರು ಥರ್ಮೋಸ್ಟಾಟನ್ನೇ ಕಿತ್ತುಹಾಕುತ್ತಾರೆ. ಅದು ಇನ್ನೊಂದು ತಪ್ಪು. ಇಂಜಿನ್ ತಣ್ಣಗೇ ಓಡಿದರೆ ಹೊಗೆಯೊಳಗಿನ ನೀರಾವಿ ಸಿಲಿಂಡರ್ ಗೋಡೆಯ ಮೇಲೆ ಹನಿಗಟ್ಟಿ, ಆಮ್ಲಗಳ ಜೊತೆ ಸೇರಿ ಕಬ್ಬಿಣವನ್ನು ತಿನ್ನುತ್ತದೆ. ತಣ್ಣನೆಯ ಓಟದಲ್ಲಿ ಸವೆತ ಏರುವುದನ್ನು 1930ರ ದಶಕದಲ್ಲೇ ಬ್ರಿಟನ್ನಿನ ಸಂಶೋಧಕರು ಅಳೆದು ತೋರಿಸಿದ್ದರು.

ದಪ್ಪ ಆಯಿಲ್ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹೊಗೆ ಸ್ವಲ್ಪ ಕಾಲ ಕಡಿಮೆಯಾಗಬಹುದು, ಆದರೆ ಓರೆಯಾದ ಸಿಲಿಂಡರ್ ಆಯಿಲ್‌ನಿಂದ ನೇರವಾಗದು. ಬೇರೆ ಕಾರಿನ ಇಂಜಿನ್ ಕೂರಿಸುವುದೇ ಅಗ್ಗವಲ್ಲವೇ ಎಂಬ ಪ್ರಶ್ನೆಗೆ ತೂಕವಿದೆ, ದಿನವೂ ಓಡಿಸುವ ಗಾಡಿಗೆ ಅದು ಸರಿಯೂ ಇರಬಹುದು. ಆದರೆ 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನಗಳ ನಿಯಮದಂತೆ, 50 ವರ್ಷ ದಾಟಿದ ಕಾರು ವಿಂಟೇಜ್ ನೋಂದಣಿ ಪಡೆಯಬೇಕಾದರೆ ಮೂಲರೂಪದಲ್ಲಿರಬೇಕು, ಇಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಕಾನೂನಿನಾಚೆಗೂ ಒಂದು ಮಾತಿದೆ. ಭಾರತದಲ್ಲಿ ಕಾರಿನ ಕಾರ್ಖಾನೆ ಬೇಕೆಂದು 1930ರ ದಶಕದಲ್ಲೇ ಯೋಜನೆ ಹಿಡಿದು ಓಡಾಡಿದವರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು. ಅವರ ಜೊತೆ ಕೈಜೋಡಿಸಿದ ವಾಲ್‌ಚಂದ್ ಹಿರಾಚಂದ್ 1944ರಲ್ಲಿ ಕಟ್ಟಿದ ಕಂಪನಿಯಿಂದಲೇ ಮುಂದೆ ಪದ್ಮಿನಿ ಬಂತು. ಆ ಇಂಜಿನ್‌ಗೆ ಈ ಜಿಲ್ಲೆಯಲ್ಲಂತೂ ಒಂದಿಷ್ಟು ಆದರ ಸಲ್ಲಬೇಕು.

ಅಳತೆಯ ತಾಪತ್ರಯವೇ ಬೇಡ, ಸುಮ್ಮನೆ ಬೋರ್ ಮಾಡಿಬಿಡೋಣ ಎನ್ನುವವರು ಮರೆಯುವುದು ಬ್ಲಾಕಿನಲ್ಲಿರುವ ಕಬ್ಬಿಣಕ್ಕೆ ಮಿತಿಯಿದೆ ಎಂಬುದನ್ನು. ಓವರ್‌ಸೈಜ್ ಪಿಸ್ಟನ್‌ಗಳು ಸಾಮಾನ್ಯವಾಗಿ 0.25, 0.50, 0.75, 1 ಮಿ.ಮೀ. ಹೆಚ್ಚಿನ ಅಳತೆಯಲ್ಲಿ ಸಿಗುತ್ತವೆ. ಅಲ್ಲಿಗೆ ಮುಗಿಯಿತು, ಆಮೇಲೆ ಸ್ಲೀವ್ ಹಾಕಿಸಬೇಕು. 0.25ರಲ್ಲಿ ಸರಿಹೋಗುವ ಬ್ಲಾಕನ್ನು ನೇರ ಒಂದು ಮಿಲಿಮೀಟರಿಗೆ ಕೊರೆಸಿದರೆ ಮುಂದಿನ ಮೂರು ಅವಕಾಶಗಳನ್ನು ಒಂದೇ ಏಟಿಗೆ ಕಳೆದಂತೆ. ಆದ್ದರಿಂದ ಬ್ಲಾಕನ್ನು ಲೇತ್ ಶಾಪಿಗೆ ಒಯ್ದಾಗ ಬೋರ್ ಗೇಜಿನಲ್ಲಿ ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆಯೂ ಉದ್ದಕ್ಕೆ ಮತ್ತು ಅಡ್ಡಕ್ಕೆ ಅಳೆಯಿಸಿ, 24 ಅಂಕಿಗಳನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ನೀರಿನ ದಾರಿಗಳ ಹೆಪ್ಪನ್ನು ಪೂರ್ತಿ ತೆಗೆಸಿ. ಏರ್ ಫಿಲ್ಟರಿನ ಸೀಲ್ ಬದಲಿಸಿ, ಥರ್ಮೋಸ್ಟಾಟನ್ನು ಅದರ ಜಾಗದಲ್ಲಿ ಮತ್ತೆ ಕೂರಿಸಿ. ರೇಡಿಯೇಟರಿಗೆ ಕೂಲಂಟ್ ಬೆರೆಸಿದ ಡಿಸ್ಟಿಲ್ಡ್ ನೀರನ್ನಲ್ಲದೆ ಬೇರೇನನ್ನೂ ಹಾಕಬೇಡಿ.