ಬಿಸಿಲಿನ ಸೈಕಲ್ ಸವಾರಿಗೆ ಪಾನಕವೋ, ಬಿಯರೋ?

ಬೇಸಿಗೆ ಬಂತೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರಸ್ತೆಗಳಲ್ಲಿ ಭಾನುವಾರ ಬೆಳಿಗ್ಗೆ ಸೈಕಲ್ ಸವಾರರು ಕಾಣಿಸುತ್ತಾರೆ. ಮೈಸೂರಿನಿಂದ ಗುಂಪು ಕಟ್ಟಿಕೊಂಡು ಬರುವವರಿದ್ದಾರೆ. ಮನೆಯ ಮೂಲೆಯಲ್ಲಿ ದೂಳು ಹಿಡಿದಿದ್ದ ಸೈಕಲನ್ನು ಒರೆಸಿಕೊಂಡು ಹೊರಡುವ ಊರಿನವರೂ ಇದ್ದಾರೆ. ವೈದ್ಯನಾದ ನನಗೆ ಇದು ಸಂತೋಷದ ನೋಟ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೈಕಲ್ ತುಳಿಯುವವರಿಗೆ ಇದು ಕಷ್ಟವೇನಲ್ಲ. ಮಂಡಿಯ ಮೇಲೆ ಹೆಚ್ಚು ಭಾರ ಬೀಳದೆ ಹೃದಯಕ್ಕೂ ಶ್ವಾಸಕೋಶಕ್ಕೂ ಒಳ್ಳೆಯ ಕೆಲಸ ಸಿಗುತ್ತದೆ.

ನೋಡಲು ಜಾಗಗಳಿಗೂ ಬರವಿಲ್ಲ. ಚಾಮರಾಜನಗರದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಾಲಯವಿದೆ. ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ತೆರಕಣಾಂಬಿಯ ಹಳೆಯ ಗುಡಿಗಳಿವೆ, ಸಮೀಪದಲ್ಲೇ ತ್ರಿಯಂಬಕಪುರವಿದೆ. ನರಸಮಂಗಲದಲ್ಲಿ ಗಂಗರ ಕಾಲದ ರಾಮೇಶ್ವರ ಗುಡಿಯಿದೆ. ಈ ಎರಡು ಊರುಗಳ ನಡುವೆ ಸುಮಾರು 35 ಕಿಲೋಮೀಟರ್ ದೂರ. ಅಭ್ಯಾಸವಿದ್ದವರಿಗೆ ಇದು ಒಂದು ಬೆಳಗಿನ ಸವಾರಿ.

ತೊಂದರೆ ಶುರುವಾಗುವುದು ಹಿಂದಿರುಗುವಾಗ. ಬಿಸಿಲು ಏರಿರುತ್ತದೆ, ಗಂಟಲು ಒಣಗಿರುತ್ತದೆ. ಹೆದ್ದಾರಿಯ ಬದಿಯ ಬಾರೋ ಡಾಬಾವೋ ಕಣ್ಣಿಗೆ ಬೀಳುತ್ತದೆ. ‘ಒಂದು ತಣ್ಣನೆಯ ಬಿಯರ್ ಹಾಕಿದರೆ ದಣಿವೆಲ್ಲ ಹೋಗುತ್ತದೆ’ ಎಂದು ಗುಂಪಿನಲ್ಲಿ ಒಬ್ಬರಾದರೂ ಹೇಳುತ್ತಾರೆ.

ಇಂಗ್ಲೆಂಡಿನ ಬೇಸಿಗೆಯೇ ಬೇರೆ

ಇಂಗ್ಲೆಂಡಿನಲ್ಲಿ ಬೇಸಿಗೆಯ ದಿನಗಳಲ್ಲಿ ಸೈಕಲ್ ಏರಿ ಹಳ್ಳಿಯ ಹಳೆಯ ಪಬ್ಬುಗಳಿಗೆ ಹೋಗುವುದು ಒಂದು ಹವ್ಯಾಸ. ಆದರೆ ಅಲ್ಲಿನ ಬೇಸಿಗೆಯ ಹಗಲು ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಸೆಲ್ಸಿಯಸ್. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 35ನ್ನು ದಾಟುವುದುಂಟು. ಅಷ್ಟು ತಂಪಿನ ಆ ದೇಶದಲ್ಲೂ ಕುಡಿದು ರಸ್ತೆಯಲ್ಲಿ ಸೈಕಲ್ ಹೊಡೆಯುವುದು 1988ರ ರಸ್ತೆ ಸಂಚಾರ ಕಾಯಿದೆಯ ಪ್ರಕಾರ ಅಪರಾಧ.

ನಮ್ಮ ದಾರಿಗಳಿಗೂ ಒಂದು ಹಳೆಯ ಪಾನಶಾಲೆಯಿತ್ತು. ಅದೇ ಅರವಟ್ಟಿಗೆ. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವುದು ಕೆರೆ ಕಟ್ಟಿಸಿದಷ್ಟೇ ಪುಣ್ಯದ ಕೆಲಸವೆಂದು ಹಿರಿಯರು ನಂಬಿದ್ದರು. ಶಾಸನಗಳಲ್ಲೂ ಅರವಟ್ಟಿಗೆಯ ಉಲ್ಲೇಖಗಳಿವೆ. ರಾಮನವಮಿಯ ದಿನ ಬೀದಿಬೀದಿಯಲ್ಲಿ ಹಂಚುವ ಪಾನಕ, ನೀರುಮಜ್ಜಿಗೆ, ಕೋಸಂಬರಿ ಆ ಸಂಪ್ರದಾಯದ್ದೇ ಕುಡಿ. ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು. ದುಡಿದ ಸ್ನಾಯುಗಳಿಗೆ ಬೇಕಾದದ್ದು ಸಕ್ಕರೆ. ಉಪ್ಪು ಹಾಕಿದ ಮಜ್ಜಿಗೆ, ಬೆಲ್ಲದ ಪಾನಕ ಎರಡೂ ಸೇರಿದರೆ ಈ ಮೂರೂ ಸಿಕ್ಕಂತಾಯಿತು.

ಬಿಯರ್ ಬಾಯಾರಿಕೆ ತಣಿಸದೇ?

ನಾಲಿಗೆಗೆ ತಣ್ಣಗೆನಿಸುತ್ತದೆ, ಅಷ್ಟೆ. ನಮ್ಮ ಮೆದುಳಿನಿಂದ ವಾಸೊಪ್ರೆಸಿನ್ ಎಂಬ ರಸದೂತ ಹೊರಡುತ್ತದೆ. ‘ನೀರನ್ನು ಉಳಿಸಿಕೊ’ ಎಂದು ಮೂತ್ರಪಿಂಡಗಳಿಗೆ ಹೇಳುವುದು ಅದರ ಕೆಲಸ. ಮದ್ಯಸಾರ ಅದನ್ನು ತಡೆಯುತ್ತದೆ. ಮೂತ್ರ ಹೆಚ್ಚುತ್ತದೆ, ಬೆವರಿನಿಂದ ಮೊದಲೇ ನೀರು ಕಳೆದುಕೊಂಡ ಶರೀರ ಇನ್ನಷ್ಟು ಒಣಗುತ್ತದೆ.

650 ಮಿಲಿಲೀಟರಿನ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ, ಶೇಕಡ 8 ಎಂದಿಟ್ಟುಕೊಂಡರೆ, ಸುಮಾರು 40 ಗ್ರಾಂ ಮದ್ಯಸಾರವಿರುತ್ತದೆ. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಹಾಗಾಗಿ ಅರ್ಧ ಗಂಟೆ ನೆರಳಲ್ಲಿ ಕೂತು ‘ಇಳಿಯಿತು’ ಎನ್ನುವುದು ಭ್ರಮೆ. ಲಾರಿ, ಬಸ್ಸುಗಳು ಪಕ್ಕದಲ್ಲೇ ಹಾದುಹೋಗುವ ರಸ್ತೆಯಲ್ಲಿ ಎರಡು ಗಾಲಿಯ ಮೇಲೆ ಸಮತೋಲನ ತಪ್ಪಲು ಒಂದು ಕ್ಷಣ ಸಾಕು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಬಿಸಿಲಾಘಾತವೂ ಅಮಲೂ ನೋಡಲು ಒಂದೇ ರೀತಿ ಇರುತ್ತವೆ. ನಲವತ್ತು ದಾಟಿದ ಒಬ್ಬರನ್ನು ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಎತ್ತಿಕೊಂಡು ಬಂದಿದ್ದರು. ಸವಾರಿಯ ನಡುವೆ ಬಿಯರ್ ಕುಡಿದಿದ್ದರು. ಮುಂದೆ ಹೋದ ಮೇಲೆ ತೊದಲತೊಡಗಿದರು, ಹೆಜ್ಜೆ ತಪ್ಪಿತು. ‘ಸ್ವಲ್ಪ ಜಾಸ್ತಿಯಾಗಿದೆ, ಮಲಗಲಿ’ ಎಂದು ಗೆಳೆಯರು ಮರದಡಿ ಮಲಗಿಸಿ ಗಂಟೆಗಟ್ಟಲೆ ಬಿಟ್ಟಿದ್ದರು. ಥರ್ಮಾಮೀಟರ್ ಇಟ್ಟು ನೋಡಿದರೆ 106 ಡಿಗ್ರಿ ಫ್ಯಾರನ್‌ಹೀಟ್! ಜೀವ ಉಳಿಯಿತು. ಮೂತ್ರಪಿಂಡಗಳು ಚೇತರಿಸಿಕೊಳ್ಳಲು ವಾರಗಳೇ ಬೇಕಾದವು. ಗೆಳೆಯರು ಹಣೆ ಮುಟ್ಟಿ ನೋಡಿದ್ದರೂ ಸಾಕಿತ್ತು.

ಬಿಸಿಲಲ್ಲಿ ಯಾರಾದರೂ ತೊದಲಿದರೆ, ಗೊಂದಲಗೊಂಡರೆ, ಮೈ ಕಾದ ಹೆಂಚಿನಂತಿದ್ದರೆ, ಕುಡಿದಿರಲಿ ಬಿಡಲಿ, ಬಿಸಿಲಾಘಾತವೆಂದೇ ತಿಳಿಯಿರಿ. ಬೆವರುತ್ತಿದ್ದಾರೆಂದು ಸುಮ್ಮನಾಗಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ವಾಹನ ಬರುವವರೆಗೆ ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿಯಿರಿ, ಬೀಸಣಿಗೆಯೋ ಟವೆಲೋ ಹಿಡಿದು ಗಾಳಿ ಹಾಕಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು. ಅದು ಶ್ವಾಸಕೋಶಕ್ಕೆ ಹೋಗಬಹುದು. ಜ್ವರದ ಮಾತ್ರೆಯಿಂದ ಈ ತಾಪ ಇಳಿಯುವುದಿಲ್ಲ.

ಏನು, ಎಷ್ಟು ಕುಡಿಯಬೇಕು?

ಬಿಸಿಲಲ್ಲಿ ದುಡಿಯುವ ಶರೀರ ಗಂಟೆಗೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಬೆವರನ್ನು ಕಳೆದುಕೊಳ್ಳಬಹುದು. ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲವು ಗುಟುಕು ಕುಡಿಯಿರಿ. ಒಂದು ಗಂಟೆಗಿಂತ ಹೆಚ್ಚಿನ ಸವಾರಿಯಾದರೆ ಬರೀ ನೀರು ಸಾಲದು. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೂ ಅಪಾಯಕಾರಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಿ. ಬೇಕಾದರೆ ನಿಂಬೆ ಹಿಂಡಿ. ಎಳನೀರು ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಬೇಡ. ರಸ್ತೆ ಬದಿಯ ಐಸ್ ಹಾಕಿದ ಕಬ್ಬಿನ ಹಾಲಿನಿಂದ ದೂರವಿರಿ. ಕಾಮಾಲೆ, ಟೈಫಾಯಿಡ್ ಎರಡೂ ಕೊಳಕು ನೀರಿನ ಐಸಿನ ಮೂಲಕ ಬರಬಲ್ಲವು.

ಸಾಕಷ್ಟು ಕುಡಿದಿರೋ ಇಲ್ಲವೋ ಎಂಬುದನ್ನು ಮೂತ್ರವೇ ಹೇಳುತ್ತದೆ. ತಿಳಿ ಹಳದಿಯಿದ್ದರೆ ಸರಿ, ಕಡು ಹಳದಿಯಾದರೆ ನೀರು ಸಾಲದು.

ಇವರು ವೈದ್ಯರನ್ನು ಕೇಳಿಯೇ ಹೊರಡಲಿ

ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ನೀರು, ಉಪ್ಪು ಬೇಗ ಕಡಿಮೆಯಾಗುತ್ತವೆ. ಇವರು ಉಪ್ಪಿನ ಪಾನೀಯವನ್ನೂ ವೈದ್ಯರನ್ನು ಕೇಳಿಯೇ ಕುಡಿಯಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮದ ಮೇಲೆ ಮದ್ಯವನ್ನೂ ಸೇರಿಸಿದರೆ ರಕ್ತದ ಸಕ್ಕರೆ ದಿಢೀರನೆ ಕುಸಿಯಬಹುದು. ಬೆಲ್ಲವೂ ಸಕ್ಕರೆಯೇ ಎಂಬುದನ್ನು ಇವರು ಮರೆಯಬಾರದು. ಎದೆನೋವು, ಸ್ವಲ್ಪ ದೂರಕ್ಕೇ ಏದುಸಿರು ಇರುವವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಲಿ.

ಹೊಸಬರು ಮೊದಲ ಎರಡು ವಾರ ಸಣ್ಣ ಸವಾರಿಗಳನ್ನೇ ಮಾಡಲಿ. ಸೆಖೆಗೆ ಒಗ್ಗಿಕೊಳ್ಳಲು ಶರೀರಕ್ಕೆ ಅಷ್ಟು ಕಾಲ ಬೇಕು. ಬೆಳಿಗ್ಗೆ ಆರಕ್ಕೆ ಹೊರಟು ಹತ್ತರೊಳಗೆ ಮನೆ ಸೇರಿ. ಹೆಲ್ಮೆಟ್ ಧರಿಸಿ. ಆನೆಗಳು ಓಡಾಡುವ ಬಂಡೀಪುರದ ಕಾಡುದಾರಿಗೆ ಸೈಕಲ್ ಬೇಡ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಪ್ಪಲಿನಿಂದ ಸರ್ಕಾರಿ ಬಸ್ಸಿದೆ, ಅದರಲ್ಲೇ ಹೋಗಿಬನ್ನಿ. ಇನ್ನು ಬಿಯರಿನ ಮಾತು. ಮದ್ಯದಲ್ಲಿ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಬಿಡಲಾರೆ ಎನ್ನುವವರು ಸೈಕಲ್ ಏರುವ ದಿನವಾದರೂ ಅದನ್ನು ಮುಟ್ಟದಿರಲಿ. ಹೊರಡುವಾಗ ಮನೆಯವರು ಒಂದು ಬಾಟಲಿ ನೀರುಮಜ್ಜಿಗೆ ಕಟ್ಟಿಕೊಟ್ಟರೆ ದಾರಿಯಲ್ಲಿ ಬೋರ್ಡು ಹುಡುಕುವ ಪ್ರಮೇಯವೇ ಬರುವುದಿಲ್ಲ.