ಆಗಸ ತೋರಿಸುವವರಿಗೆ ಅಂತರ್ಜಾಲದ ಆಸರೆ

ಶನಿಗ್ರಹದ ಬಳೆಯನ್ನು ದೂರದರ್ಶಕದಲ್ಲಿ ಮೊದಲ ಬಾರಿ ಕಂಡವರು ಬೆರಗಾಗುತ್ತಾರೆ. ಆದರೆ ಆಂಡ್ರೊಮಿಡಾ ಗೆಲಾಕ್ಸಿಯನ್ನು ಕಂಡವರ ಬಾಯಿಂದ ಹೊರಡುವ ಮಾತು ಸಾಮಾನ್ಯವಾಗಿ 'ಇಷ್ಟೇನಾ?' ಎಂಬುದು. ಸಣ್ಣ ದೂರದರ್ಶಕದಲ್ಲಿ ಅದು ಮಸುಕಾದ ಬೆಳಕಿನ ಕಲೆಯಂತೆ ಕಾಣುತ್ತದೆ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ ಎಂದು ಪಕ್ಕದಲ್ಲಿ ನಿಂತವರು ತಿಳಿಸಿದಾಗ ಮಾತ್ರ ಕಂಡದ್ದಕ್ಕೆ ಅರ್ಥ ಬರುತ್ತದೆ. ಹೀಗೆ ಪಕ್ಕದಲ್ಲಿ ನಿಂತು ವಿವರಿಸುವವರು ಬಹುಪಾಲು ಹವ್ಯಾಸಿಗಳು. ಹಗಲು ಬೇರೆ ವೃತ್ತಿ ಮಾಡಿ, ಸಂಜೆ ಸ್ವಂತ ದೂರದರ್ಶಕ ಹೊತ್ತು ಬರುವ ಸ್ವಯಂಸೇವಕರು.

ಇವರಿಗೂ ವಿಜ್ಞಾನ ವಸ್ತುಸಂಗ್ರಹಾಲಯಗಳಿಗೂ ಪರಸ್ಪರ ಅಗತ್ಯವಿದೆ. ಸಂಗ್ರಹಾಲಯಗಳಲ್ಲಿ ಸಭಾಂಗಣವಿದೆ, ಶಾಲಾ ಮಕ್ಕಳ ತಂಡಗಳು ಬರುತ್ತವೆ. ಆದರೆ ಸಣ್ಣ ಸಂಸ್ಥೆಗಳಲ್ಲಿ ಖಗೋಳ ತಜ್ಞರಿರುವುದು ಅಪರೂಪ. ಹವ್ಯಾಸಿಗಳಿಗೆ ಆಗಸದ ಪರಿಚಯವಿದೆ. ಕಲಿಸುವ ಸಾಮಗ್ರಿಯಾಗಲಿ ತರಬೇತಿಯಾಗಲಿ ಇಲ್ಲ. ಈ ಎರಡು ಕೊರತೆಗಳನ್ನು ಅಂತರ್ಜಾಲದ ನೆರವಿನಿಂದ ತುಂಬಿಕೊಳ್ಳುವ ಬಗೆಯನ್ನು ಅಮೆರಿಕದ ಒಂದು ಯೋಜನೆ ತೋರಿಸಿಕೊಟ್ಟಿದೆ.

ನೈಟ್ ಸ್ಕೈ ನೆಟ್‌ವರ್ಕ್

1889ರ ಜನವರಿ 1ರಂದು ಕ್ಯಾಲಿಫೋರ್ನಿಯಾದಲ್ಲಿ ಖಗ್ರಾಸ ಸೂರ್ಯಗ್ರಹಣ ಗೋಚರಿಸಿತು. ಅದನ್ನು ಒಟ್ಟಾಗಿ ವೀಕ್ಷಿಸಿದ ವೃತ್ತಿಪರ ವಿಜ್ಞಾನಿಗಳು ಹಾಗೂ ಹವ್ಯಾಸಿಗಳು ಮರು ತಿಂಗಳೇ 'ಆಸ್ಟ್ರೊನಾಮಿಕಲ್ ಸೊಸೈಟಿ ಆಫ್ ದಿ ಪೆಸಿಫಿಕ್' ಎಂಬ ಸಂಸ್ಥೆಯನ್ನು ಕಟ್ಟಿದರು. ಇದೇ ಸಂಸ್ಥೆ 2004ರಲ್ಲಿ ನಾಸಾ ನೆರವಿನೊಂದಿಗೆ 'ನೈಟ್ ಸ್ಕೈ ನೆಟ್‌ವರ್ಕ್' ಆರಂಭಿಸಿತು. ಮುಂದಿನ ವರ್ಷಗಳಲ್ಲಿ 400ಕ್ಕೂ ಹೆಚ್ಚು ಹವ್ಯಾಸಿ ಸಂಘಗಳು ಇದರೊಂದಿಗೆ ಕೈಜೋಡಿಸಿದವು.

ಇದರ ಕಾರ್ಯವಿಧಾನ ಸರಳ. ಸಂಘವು ತನ್ನ ವೀಕ್ಷಣಾ ಕಾರ್ಯಕ್ರಮದ ದಿನ, ಸ್ಥಳಗಳನ್ನು ಅಂತರ್ಜಾಲದ ಪಟ್ಟಿಯಲ್ಲಿ ನಮೂದಿಸುತ್ತದೆ. ಸಾರ್ವಜನಿಕರು ತಮ್ಮ ಊರಿಗೆ ಹತ್ತಿರದ ಕಾರ್ಯಕ್ರಮವನ್ನು ಅದರಲ್ಲಿ ಹುಡುಕಿಕೊಳ್ಳುತ್ತಾರೆ. ಕಾರ್ಯಕ್ರಮ ಮುಗಿದ ಬಳಿಕ ಎಷ್ಟು ಜನ ಬಂದಿದ್ದರು, ಯಾವ ಪ್ರಾತ್ಯಕ್ಷಿಕೆ ನಡೆಯಿತು ಎಂಬ ವರದಿಯನ್ನು ಸಂಘ ಸಲ್ಲಿಸುತ್ತದೆ. ಹೀಗೆ ಸಕ್ರಿಯವಾಗಿರುವ ಸಂಘಗಳಿಗೆ ಬೋಧನಾ ಸಾಮಗ್ರಿಯ ಪೆಟ್ಟಿಗೆಗಳನ್ನು ಉಚಿತವಾಗಿ ಕಳುಹಿಸಲಾಯಿತು. ಚಟುವಟಿಕೆಗಳ ಕೈಪಿಡಿಗಳನ್ನು ಜಗತ್ತಿನ ಯಾವ ಮೂಲೆಯವರಾದರೂ ಇಳಿಸಿಕೊಳ್ಳಲು ಅವಕಾಶ ನೀಡಲಾಯಿತು. ವಿಜ್ಞಾನಿಗಳೊಂದಿಗೆ ಸ್ವಯಂಸೇವಕರು ನೇರವಾಗಿ ಸಂವಾದಿಸುವ ಆನ್‌ಲೈನ್ ಉಪನ್ಯಾಸಗಳೂ ಏರ್ಪಟ್ಟವು.

ಬಕೆಟ್ಟಿನಲ್ಲಿ ಕಪ್ಪುಕುಳಿ

ಕಪ್ಪುಕುಳಿ ಕುರಿತ ಸಾಮಗ್ರಿಯನ್ನೇ ಗಮನಿಸಬಹುದು. ಬಕೆಟ್ಟಿನ ಬಾಯಿಗೆ ಹಿಗ್ಗುವ ಬಟ್ಟೆಯನ್ನು ಬಿಗಿದು ನಡುವೆ ಭಾರದ ಗುಂಡನ್ನು ಇಟ್ಟರೆ ಬಟ್ಟೆ ತಗ್ಗುತ್ತದೆ. ಅಂಚಿನಿಂದ ಉರುಳಿಬಿಟ್ಟ ಗೋಲಿ ನೇರವಾಗಿ ಸಾಗದೆ ಆ ತಗ್ಗಿನ ಸುತ್ತ ಸುತ್ತುತ್ತದೆ. ಗುರುತ್ವ ಎಂದರೇನು ಎಂಬುದು ಎಂಟು ವರ್ಷದ ಮಗುವಿಗೂ ಕಣ್ಣಿಗೆ ಕಟ್ಟುತ್ತದೆ. ಮೋಡ ಕವಿದು ದೂರದರ್ಶಕ ನಿರುಪಯುಕ್ತವಾದ ಸಂಜೆಯೂ ಕಾರ್ಯಕ್ರಮ ನಿಲ್ಲುವುದಿಲ್ಲ.

ಅಂತರವನ್ನು ವಿವರಿಸುವುದಕ್ಕೂ ಇಂಥ ಅಳತೆಯ ಮಾದರಿಗಳೇ ಸಾಧನ. ಸೂರ್ಯನನ್ನು 22 ಸೆಂ.ಮೀ. ಅಗಲದ ಫುಟ್‌ಬಾಲ್ ಎಂದುಕೊಂಡರೆ ಭೂಮಿ ಅದರಿಂದ ಸುಮಾರು 24 ಮೀಟರ್ ದೂರದಲ್ಲಿರುವ 2 ಮಿ.ಮೀ. ಗಾತ್ರದ ಸಾಸಿವೆ ಕಾಳು. ಸೂರ್ಯನಿಗೆ ಅತಿ ಸಮೀಪದ ನಕ್ಷತ್ರ ಇರುವುದು ಅದೇ ಲೆಕ್ಕದಲ್ಲಿ ಸುಮಾರು 6,300 ಕಿ.ಮೀ. ಆಚೆ!

ಸಂಗ್ರಹಾಲಯಗಳ ಸಿಬ್ಬಂದಿಯನ್ನೂ ಮರೆತಿಲ್ಲ. ಸಣ್ಣ ವಸ್ತುಸಂಗ್ರಹಾಲಯಗಳ ಹಾಗೂ ಪ್ರಕೃತಿ ಕೇಂದ್ರಗಳ ಶಿಕ್ಷಕರಿಗಾಗಿ ಇದೇ ಸಂಸ್ಥೆ 'ಆಸ್ಟ್ರೊನಮಿ ಫ್ರಮ್ ದಿ ಗ್ರೌಂಡ್ ಅಪ್' ಎಂಬ ಯೋಜನೆಯಡಿ ಆನ್‌ಲೈನ್ ಕಾರ್ಯಾಗಾರಗಳನ್ನು ನಡೆಸಿತು. ಸಿಬ್ಬಂದಿ ಮತ್ತು ಹವ್ಯಾಸಿ ಇಬ್ಬರಿಗೂ ಒಂದೇ ಬಗೆಯ ಚಟುವಟಿಕೆ ತಿಳಿದಿದ್ದರೆ ಜಂಟಿ ಕಾರ್ಯಕ್ರಮ ಸುಗಮವಾಗುತ್ತದೆ.

ನಮ್ಮಲ್ಲಿ ಏಕೆ ಬೇಕು?

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರು ಭಾಗದಲ್ಲಿ ಕಂಕಣ ಸೂರ್ಯಗ್ರಹಣ ಗೋಚರಿಸಿತು. ಅದೇ ದಿನ ಕಲಬುರಗಿ ಜಿಲ್ಲೆಯ ಗ್ರಾಮವೊಂದರಲ್ಲಿ, ಅಂಗವೈಕಲ್ಯ ಗುಣವಾಗುತ್ತದೆಂಬ ನಂಬಿಕೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ಸುದ್ದಿ ನಾಡನ್ನು ತಲ್ಲಣಗೊಳಿಸಿತು. ಗ್ರಹಣವೆಂದರೆ ಚಂದ್ರನ ನೆರಳು ಎಂಬ ಸರಳ ಸತ್ಯ ಆ ಮನೆಗಳಿಗೆ ತಲುಪಿರಲಿಲ್ಲ.

ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ 1989ರಿಂದ ಕಾರ್ಯನಿರ್ವಹಿಸುತ್ತಿದೆ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ಆರಂಭವಾಯಿತು. ಬೆಂಗಳೂರು, ಉಡುಪಿಗಳಲ್ಲಿ ಹವ್ಯಾಸಿಗಳ ಸಂಘಗಳಿವೆ. ತಾರಾಲಯದ ಗುಮ್ಮಟವನ್ನು ಹಳ್ಳಿಗೆ ಒಯ್ಯಲಾಗದು; ಬಕೆಟ್ಟು, ಬಟ್ಟೆ, ಗೋಲಿಗಳನ್ನು ಒಯ್ಯಬಹುದು. ಯಾವ ರಾತ್ರಿ ಯಾವ ಗ್ರಹ ಎಲ್ಲಿ ಕಾಣುತ್ತದೆಂದು ಮೊದಲೇ ತೋರಿಸುವ 'ಸ್ಟೆಲೇರಿಯಂ' ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.

ಹೊರಗಿನ ಕೈಪಿಡಿಗಳನ್ನು ಇದ್ದಂತೆಯೇ ಬಳಸುವುದು ಸಾಲದು. 'ಬಿಗ್ ಡಿಪ್ಪರ್' ಎಂದರೆ ಅರಿಯದ ರೈತ ಸಪ್ತರ್ಷಿ ಮಂಡಲವನ್ನು ಬಲ್ಲ. ಮಳೆ ನಕ್ಷತ್ರಗಳ ಹೆಸರು ಅವನ ನಾಲಿಗೆಯ ತುದಿಯಲ್ಲಿವೆ. ವಿವರಣೆ ಅಲ್ಲಿಂದಲೇ ಆರಂಭವಾಗಬೇಕು. ಆ ಕೆಲಸವನ್ನು ಯಾವ ತಂತ್ರಾಂಶವೂ ಮಾಡಿಕೊಡದು, ಕನ್ನಡ ಬಲ್ಲ ಸ್ವಯಂಸೇವಕರೇ ಮಾಡಬೇಕು.

2031ರ ಮೇ 21ರಂದು ಮತ್ತೊಂದು ಕಂಕಣ ಗ್ರಹಣ ಕೇರಳ, ತಮಿಳುನಾಡುಗಳ ಮೂಲಕ ಹಾದುಹೋಗಲಿದೆ. ಕರ್ನಾಟಕದಲ್ಲಿ ಪಾರ್ಶ್ವ ಗ್ರಹಣ ಕಾಣಲಿದೆ. ಅಷ್ಟರೊಳಗೆ ಜಿಲ್ಲೆಗೊಂದರಂತೆ ತರಬೇತಿ ಪಡೆದ ತಂಡ ಸಿದ್ಧವಾದರೆ, ಅಂದು ಮಕ್ಕಳು ಸುರಕ್ಷಿತ ಕನ್ನಡಕ ಧರಿಸಿ ಬಯಲಿನಲ್ಲಿ ನಿಂತು ಗ್ರಹಣ ನೋಡಬಹುದು.