ಗಾಯವಿಲ್ಲದೆ ಮ್ಯಾರಥಾನ್: ಸಣ್ಣ ಉದ್ದಿಮೆದಾರರಿಗೊಂದು ಲೆಕ್ಕಾಚಾರ

ಬೆಂಗಳೂರಿನಲ್ಲಿ ವಿಶ್ವ 10ಕೆ ಓಟವು 2008ರಲ್ಲಿಯೂ, ಬೆಂಗಳೂರು ಮ್ಯಾರಥಾನ್ 2014ರಲ್ಲಿಯೂ ಆರಂಭವಾದವು. ಅಂದಿನಿಂದ ದೂರದ ಓಟವು ಕ್ರೀಡಾಪಟುಗಳ ವಲಯವನ್ನು ದಾಟಿ ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ದಿನಚರಿಯನ್ನೂ ಪ್ರವೇಶಿಸಿದೆ. ಕರ್ನಾಟಕಕ್ಕೆ ಈ ಓಟ ಹೊಸದೇನೂ ಅಲ್ಲ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರು 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ 19ನೆಯವರಾಗಿ ಗುರಿ ಮುಟ್ಟಿದ್ದರು. ಆದರೆ ಒಲಿಂಪಿಕ್ ಓಟಗಾರನ ಉದ್ದೇಶವೂ ಕಾರ್ಖಾನೆ ನಡೆಸುವವನ ಉದ್ದೇಶವೂ ಒಂದೇ ಆಗಲಾರವು. ಎರಡನೆಯವನು ಭಾನುವಾರ ಎಷ್ಟೇ ದೂರ ಓಡಿದರೂ ಸೋಮವಾರ ಬೆಳಿಗ್ಗೆ ತನ್ನ ಘಟಕದ ಬಾಗಿಲು ತೆರೆಯಲೇಬೇಕು. ಆದುದರಿಂದ ಅವನಿಗೆ ವೇಗಕ್ಕಿಂತ ಗಾಯವಾಗದಿರುವುದೇ ಮುಖ್ಯ.

ಗಾಯದ ನಿಜವಾದ ವೆಚ್ಚ

ಯಲಹಂಕದ ಬಳಿಯ ಪುಟ್ಟೇನಹಳ್ಳಿಯಲ್ಲಿ ಹನ್ನೆರಡು ಕೆಲಸಗಾರರ ಬಿಡಿಭಾಗ ತಯಾರಿಕಾ ಘಟಕವೊಂದನ್ನು ನಡೆಸುವ ಮಾಲೀಕರೊಬ್ಬರನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಇಎಸ್‌ಐ ವ್ಯಾಪ್ತಿಯ ಕೆಲಸಗಾರನು ಕಾಯಿಲೆ ಬಿದ್ದರೆ ನಿಯಮಾನುಸಾರ ವೇತನದ ಶೇ. 70ರಷ್ಟು ನಗದು ಸೌಲಭ್ಯವು ವರ್ಷದಲ್ಲಿ 91 ದಿನಗಳವರೆಗೆ ದೊರೆಯುತ್ತದೆ. ಏಕಮಾಲೀಕತ್ವದ ಸಂಸ್ಥೆಯ ಮಾಲೀಕನಿಗೆ ಈ ಸೌಲಭ್ಯವಿಲ್ಲ. ಕಣಕಾಲಿನ ಮೂಳೆಯಲ್ಲಿ ಅತಿ ಶ್ರಮದಿಂದ ಸೂಕ್ಷ್ಮ ಬಿರುಕು ಉಂಟಾದರೆ ಅದು ಕೂಡಲು ಸಾಮಾನ್ಯವಾಗಿ ಆರರಿಂದ ಎಂಟು ವಾರಗಳು ಬೇಕು. ಆ ಅವಧಿಯಲ್ಲಿ ಕಚ್ಚಾ ಸಾಮಗ್ರಿ ಖರೀದಿ, ಬಾಕಿ ವಸೂಲಿ, ಬ್ಯಾಂಕಿನ ಓಡಾಟ ಎಲ್ಲವೂ ಕುಂಟುತ್ತವೆ. ಬೂಟು, ನೋಂದಣಿ ಶುಲ್ಕಗಳು ಮಾಲೀಕನ ಡ್ರಾಯಿಂಗ್ಸ್ ಖಾತೆಗೆ ಸೇರತಕ್ಕ ಸ್ವಂತ ಖರ್ಚುಗಳು. ಗಾಯದ ಖರ್ಚು ಮಾತ್ರ ಯಾವ ಖಾತೆಯಲ್ಲಿಯೂ ಕಾಣದೆ ವ್ಯಾಪಾರವನ್ನೇ ತಟ್ಟುತ್ತದೆ.

ಗಾಯವಾಗುವುದೇಕೆ?

ಓಟಗಾರರ ಗಾಯಗಳಲ್ಲಿ ಬಹುಪಾಲು ಬಿದ್ದು ಆಗುವಂಥವಲ್ಲ. ಶ್ರಮ ಮಿತಿಮೀರಿ ಆಗುವಂಥವು. ಮಂಡಿಚಿಪ್ಪಿನ ಸುತ್ತಲಿನ ನೋವು, ಕಣಕಾಲಿನ ಮುಂಭಾಗದ ನೋವು, ಹಿಮ್ಮಡಿ ಮತ್ತು ಅಂಗಾಲಿನ ನೋವು ಇವುಗಳಲ್ಲಿ ಮುಖ್ಯವಾದವು. ಅಭ್ಯಾಸ ಆರಂಭಿಸಿದ ಕೆಲವೇ ವಾರಗಳಲ್ಲಿ ಹೃದಯ ಮತ್ತು ಉಸಿರಾಟದ ಶಕ್ತಿ ಹೆಚ್ಚುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಗೊಳ್ಳಲು ತಿಂಗಳುಗಳೇ ಬೇಕು. ‘ಇನ್ನೂ ಐದು ಕಿ.ಮೀ. ಓಡಬಲ್ಲೆ’ ಎಂದು ಉಸಿರು ಹೇಳುವ ಹೊತ್ತಿಗೆ ಮೂಳೆ ಅದಕ್ಕೆ ಸಿದ್ಧವಾಗಿರುವುದಿಲ್ಲ. ಅಪಾಯವಿರುವುದು ಈ ಅಂತರದಲ್ಲಿಯೇ.

ವಾರದ ಒಟ್ಟು ದೂರವನ್ನು ಶೇ. 10ಕ್ಕಿಂತ ಹೆಚ್ಚಿಸಬಾರದೆಂಬುದು ಹಳೆಯ ನಿಯಮ. ನೆದರ್ಲೆಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ನಿಯಮ ಪಾಲಿಸಿದವರಿಗೂ ಇತರರಿಗೂ ಗಾಯದ ಪ್ರಮಾಣದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. 5,200ಕ್ಕೂ ಹೆಚ್ಚು ಓಟಗಾರರನ್ನು ಕುರಿತು 2025ರಲ್ಲಿ ಪ್ರಕಟವಾದ ಅಧ್ಯಯನವು ಬೇರೊಂದು ಅಂಶವನ್ನು ಎತ್ತಿ ತೋರಿಸಿತು. ಹಿಂದಿನ 30 ದಿನಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇ. 10ರಿಂದ 30ರಷ್ಟು ಹೆಚ್ಚು ದೂರವನ್ನು ಒಂದೇ ಬಾರಿಗೆ ಓಡಿದವರಲ್ಲಿ ಗಾಯದ ಸಂಭವ ಶೇ. 64ರಷ್ಟು ಹೆಚ್ಚಿತ್ತು. ದುಪ್ಪಟ್ಟಿಗಿಂತ ಹೆಚ್ಚು ಓಡಿದವರಲ್ಲಿ ಶೇ. 128ರಷ್ಟು ಹೆಚ್ಚಿತ್ತು. ಅಂದರೆ ವಾರದ ಮೊತ್ತಕ್ಕಿಂತಲೂ ಒಂದು ದಿನದ ಅತಿಯಾಸೆಯೇ ಹೆಚ್ಚು ದುಬಾರಿ.

ಹದಿನೆಂಟು ವಾರಗಳ ಲೆಕ್ಕ

ಆದುದರಿಂದ ಕಳೆದ 30 ದಿನಗಳ ಅತಿ ಉದ್ದದ ಓಟವನ್ನೇ ಆರಂಭಿಕ ಶಿಲ್ಕೆಂದು ಭಾವಿಸತಕ್ಕದ್ದು. ಇಂದು 10 ಕಿ.ಮೀ. ಆರಾಮವಾಗಿ ಓಡಬಲ್ಲವರು ಪ್ರತಿ ಹಂತದಲ್ಲಿ ಶೇ. 10ರಂತೆ ಏರಿಸಿದರೆ 11, 12, 13 ಕಿ.ಮೀ. ಎಂದು ಸಾಗಿ, ಹನ್ನೆರಡನೆಯ ಹಂತದಲ್ಲಿ ಸುಮಾರು 31 ಕಿ.ಮೀ. ತಲುಪುತ್ತಾರೆ. ಮೂರು ಏರಿಕೆಗಳಿಗೊಂದು ಹಗುರ ವಾರ ಸೇರಿಸಿದರೆ ಹದಿನೈದು ವಾರಗಳಾಗುತ್ತವೆ. ಓಟದ ದಿನಕ್ಕೆ ಮೊದಲು ದೂರವನ್ನು ಇಳಿಸುತ್ತ ದಣಿವಾರಿಸಿಕೊಳ್ಳಲು ಮೂರು ವಾರ ಬೇಕು. ಹೀಗೆ ಒಟ್ಟು ಹದಿನೆಂಟು ವಾರಗಳು. ಉದ್ದದ ಓಟ ವಾರಕ್ಕೆ ಒಂದೇ ಸಾಕು. ಉಳಿದ ಎರಡು ಮೂರು ಓಟಗಳು ಮಾತನಾಡುತ್ತ ಓಡಬಹುದಾದಷ್ಟು ನಿಧಾನವಾಗಿರಬೇಕು.

ಮ್ಯಾರಥಾನ್‌ನ ದೂರ 42.195 ಕಿ.ಮೀ. 31 ಕಿ.ಮೀ.ಗೆ ಹೋಲಿಸಿದರೆ ಇದು ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚಿನ ಜಿಗಿತ. ಈ ಅಪಾಯವನ್ನು ಪೂರ್ಣವಾಗಿ ತಪ್ಪಿಸುವಂತಿಲ್ಲ. ಅದನ್ನು ವರ್ಷಕ್ಕೊಮ್ಮೆ, ಪೂರ್ಣ ವಿಶ್ರಾಂತಿಯ ಬಳಿಕ, ನಿಧಾನಗತಿಯಲ್ಲಿ ಮಾತ್ರ ಕೈಗೊಳ್ಳುವುದು ವಿವೇಕ. ಇಷ್ಟು ಅವಧಿ ಸಿಗದವರಿಗೆ 21 ಕಿ.ಮೀ.ನ ಅರ್ಧ ಮ್ಯಾರಥಾನ್ ಇದ್ದೇ ಇದೆ.

ಬೆಂಗಳೂರು ಮ್ಯಾರಥಾನ್ ಇತ್ತೀಚಿನ ವರ್ಷಗಳಲ್ಲಿ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ನಡೆದಿದೆ. ತೆರಿಗೆ ಲೆಕ್ಕಪರಿಶೋಧನಾ ವರದಿಯ ಸಾಮಾನ್ಯ ಗಡುವು ಸೆಪ್ಟೆಂಬರ್ 30. ಲೆಕ್ಕಪತ್ರಗಳನ್ನು ಜುಲೈ ಒಳಗೆ ಮುಗಿಸದವರು ಅತಿ ಉದ್ದದ ಓಟಗಳನ್ನೂ ರಾತ್ರಿಯ ನಿದ್ರೆಗೆಟ್ಟ ಕೆಲಸವನ್ನೂ ಒಟ್ಟಿಗೆ ಹೊರಬೇಕಾಗುತ್ತದೆ. ಕೆಲಸದ ಒತ್ತಡದಿಂದ ನಾಲ್ಕು ವಾರ ಓಟ ತಪ್ಪಿದರೆ ಹಳೆಯ 20 ಕಿ.ಮೀ. ಲೆಕ್ಕಕ್ಕೆ ಬಾರದು, ಶಿಲ್ಕು ಮತ್ತೆ ಕೆಳಗಿನಿಂದಲೇ ಆರಂಭವಾಗತಕ್ಕದ್ದು.

ದಾರಿ ಮತ್ತು ಬಲವರ್ಧನೆ

ಪುಟ್ಟೇನಹಳ್ಳಿಯ ಕೆರೆ 2015ರಿಂದ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. ಅದನ್ನು ಹಕ್ಕಿಗಳಿಗೆ ಬಿಡುವುದು ಒಳಿತು. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಮುಂಜಾನೆಯೂ ಭಾರಿ ವಾಹನಗಳಿರುವುದರಿಂದ ಬಡಾವಣೆಯ ಒಳರಸ್ತೆಗಳು ಲೇಸು. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದ ಮರಗಳ ನೆರಳಿನ ರಸ್ತೆಗಳು ಓಟಗಾರರಿಗೆ ಪರಿಚಿತ. ಪ್ರವೇಶದ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ರಸ್ತೆಯ ಅಂಚು ಇಳಿಜಾರಾಗಿರುವುದರಿಂದ ಸದಾ ಒಂದೇ ಅಂಚಿನಲ್ಲಿ ಓಡಿದರೆ ಎರಡು ಕಾಲುಗಳ ಮೇಲೆ ಬೀಳುವ ಭಾರ ಅಸಮವಾಗುತ್ತದೆ. ವಾರಕ್ಕೆರಡು ಬಾರಿ ಬೈಠಕ್, ಹಿಮ್ಮಡಿ ಎತ್ತಿಳಿಸುವುದು, ಮೆಟ್ಟಿಲು ಹತ್ತುವುದು ಮುಂತಾದ ಬಲವರ್ಧಕ ವ್ಯಾಯಾಮಗಳು ಅಗತ್ಯ. ಹಲವು ಕ್ರೀಡಾ ಪ್ರಯೋಗಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಲ್ಲಿ ಗಾಯಗಳನ್ನು ಅತಿ ಹೆಚ್ಚು ತಗ್ಗಿಸಿದ್ದು ಬಲವರ್ಧನೆಯೇ. ಮೈ ಸೆಳೆಯುವ ವ್ಯಾಯಾಮದಿಂದ ಅಂಥ ಲಾಭ ಕಾಣಲಿಲ್ಲ.

ನಿಲ್ಲಿಸಬೇಕಾದ ಸಂದರ್ಭ

ಓಡುತ್ತಿದ್ದಂತೆ ಹೆಚ್ಚುವ ನೋವು, ನಡಿಗೆಯನ್ನೇ ಬದಲಿಸುವ ನೋವು, ಮರುದಿನ ಬೆಳಿಗ್ಗೆಯೂ ಉಳಿಯುವ ನೋವು ಕಂಡಲ್ಲಿ ಓಟ ನಿಲ್ಲಿಸತಕ್ಕದ್ದು. ಮೂಳೆಯ ಒಂದೇ ಬಿಂದುವಿನಲ್ಲಿ ಒತ್ತಿದಾಗ ನೋವಾದರೆ ವೈದ್ಯರನ್ನು ಕಾಣಲು ತಡಮಾಡಬಾರದು. ನೋವು ನಿವಾರಕ ಮಾತ್ರೆ ನುಂಗಿ ಓಡುವುದು ಎಚ್ಚರಿಕೆಯ ಗಂಟೆಯನ್ನು ಕಿತ್ತಂತೆ. ದೀರ್ಘ ಓಟದಲ್ಲಿ ಅದು ಮೂತ್ರಪಿಂಡಗಳಿಗೂ ಅಪಾಯಕರ. ನೀರನ್ನೂ ಬಾಯಾರಿಕೆಗೆ ತಕ್ಕಷ್ಟೇ ಕುಡಿಯಬೇಕು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಲಾದ 488 ಓಟಗಾರರ ಪೈಕಿ ಶೇ. 13 ಮಂದಿಯ ರಕ್ತದಲ್ಲಿ ಸೋಡಿಯಂ ಅಂಶ ಇಳಿದಿತ್ತು. ಅತಿಯಾಗಿ ದ್ರವ ಸೇವಿಸಿದ್ದು ಅದಕ್ಕೆ ಮುಖ್ಯ ಕಾರಣವಾಗಿ ಕಂಡುಬಂದಿತು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಉಳ್ಳವರು ಅಭ್ಯಾಸಕ್ಕೆ ಮೊದಲೇ ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳುವುದು ಕ್ಷೇಮ.

ನಷ್ಟದ ಸರಕನ್ನು ಸಕಾಲದಲ್ಲಿ ಕೈಬಿಡುವುದು ವರ್ತಕನ ಜಾಣ್ಮೆ. ನೋವು ಕಂಡ ದಿನ ಓಟವನ್ನು ಅರ್ಧಕ್ಕೆ ನಿಲ್ಲಿಸುವುದೂ ಅದೇ ಜಾಣ್ಮೆ. ಪದಕ ಮುಂದಿನ ವರ್ಷವೂ ದೊರೆಯುತ್ತದೆ. ಮಂಡಿ ಮಾತ್ರ ಇರುವುದು ಎರಡೇ.